ಬಾಲ್ಯದ ಕಲ್ಪನೆ ಮತ್ತು ಮಕ್ಕಳ ಸಾಹಿತ್ಯ: ಶಿಕಾರಿಪುರ–ಸೊರಬ ಸೀಮೆಯ ನೆಲೆಯಿಂದ

ಮಕ್ಕಳ ಸಾಹಿತ್ಯವನ್ನು ಬರೆಯುವವರೂ ಅಚ್ಚುಹಾಕುವವರೂ ಕೊಂಡುಕೊಡುವವರೂ ಬಹುಮಟ್ಟಿಗೆ ಹಿರಿಯರೇ ಆಗಿರುವುದರಿಂದ, ಅದರ ಅಧ್ಯಯನವು ಮಗುವಿನ ಅನುಭವಕ್ಕಿಂತ ಮೊದಲು ಹಿರಿಯರ ಬಾಲ್ಯಕಲ್ಪನೆಯನ್ನು, ಎಂದರೆ ಮಗು ಯಾರು, ಅದು ಎಷ್ಟು ಕಾಲ ಮಗುವಾಗಿರಬೇಕು, ಅದಕ್ಕೆ ತಕ್ಕುದೇನು ಎಂಬ ತಿಳಿವಳಿಕೆಯನ್ನು, ಹೊರಗೆಡಹುತ್ತದೆ. ಬಾಲ್ಯವನ್ನು ಪ್ರತ್ಯೇಕ ಅವಸ್ಥೆಯಾಗಿ ಕಾಣುವ ದೃಷ್ಟಿ ಮಧ್ಯಯುಗದ ಯುರೋಪಿನಲ್ಲಿ ಇರಲಿಲ್ಲವೆಂದು ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ವಾದಿಸಿದರು. ಹಿಂದಿನ ತಂದೆತಾಯಿಗಳು ಮಕ್ಕಳ ಬಗ್ಗೆ ಉದಾಸೀನರಾಗಿದ್ದರೆಂದು ಈ ಜಾಡಿನಲ್ಲಿ ಬೆಳೆದ ಅಭಿಪ್ರಾಯವನ್ನು ಇತಿಹಾಸಕಾರ್ತಿ ಲಿಂಡಾ ಪೊಲಾಕ್ 1983ರಲ್ಲಿ ದಿನಚರಿ, ಆತ್ಮಕಥನಗಳ ಆಧಾರದಿಂದ ಅಲ್ಲಗಳೆದರು.

ಈ ಚರ್ಚೆಯನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಗೆ ಯಥಾವತ್ತಾಗಿ ಅನ್ವಯಿಸಲಾಗದು. ಇಲ್ಲಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನವನ್ನು ಹೆಸರಿಸುತ್ತದೆಯಾದರೂ ಅದರ ಲಕ್ಷ್ಯವಿರುವುದು ಕಲಿಯುವವನ ವಯಸ್ಸಿಗಿಂತ ವಿದ್ಯೆಯ ಮೇಲೆ. ಇದೇ ಸೀಮೆಯ ಉಡುತಡಿಯ ಶರಣೆ ಅಕ್ಕಮಹಾದೇವಿಯ ಚರಿತೆಯನ್ನು ಹೇಳುವ ಹರಿಹರನ ರಗಳೆಯಲ್ಲಿ ಬಾಲ್ಯಕ್ಕೆ ಎಡೆಯುಂಟು. ಆದರೆ ಅದು ಮುಂದಿನ ಶಿವಭಕ್ತಿಯ ಮುನ್ಸೂಚನೆಯಾಗಿ ಬರುತ್ತದೆ. ಬಾಲ್ಯದ ಅರಿವು ಇತ್ತು, ಅದರ ಬೆಲೆಯನ್ನು ಮಾತ್ರ ಮುಂದೊದಗುವ ಸಿದ್ಧಿಯಿಂದ ಅಳೆಯಲಾಗುತ್ತಿತ್ತು.

ಮಗುವನ್ನೇ ಓದುಗನೆಂದು ಭಾವಿಸುವ ಬರವಣಿಗೆ ಕನ್ನಡದಲ್ಲಿ ಶಾಲೆ ಮತ್ತು ಮುದ್ರಣಗಳೊಡನೆ ಬೆಳೆಯಿತು. ಶಾಲಾ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆಯನ್ನು ಆಧರಿಸಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆ ಕಥೆಯನ್ನು ತುಂಗೆಯ ದಡಕ್ಕೆ ತಂದಿತು. ಉಪದೇಶ ಹಿಂದೆ ಸರಿದು ಲಯ, ಆಟ, ಬೆರಗುಗಳೇ ಮಗುವಿನ ಹಕ್ಕಿನ ಪಾಲಾದುದು ಈ ಘಟ್ಟದ ವಿಶೇಷ.

ಆದರೆ ಆಡುವ ಮಗುವಿನ ಈ ಚಿತ್ರ ದುಡಿಯುವ ಮಗುವನ್ನು ಮರೆಮಾಡುವ ಸಾಧ್ಯತೆಯಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬ ಹೆಸರು ಕೊಟ್ಟ ಊರು. ಉಣುಗುಗಳಿಂದ ಹರಡುವ ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುವವರು ದನ ಮೇಯಿಸಲು, ಸೌದೆ ಸೊಪ್ಪು ತರಲು ಕಾಡು ಹೊಕ್ಕವರು. ದನದ ಹಿಂದೆ ನಡೆಯುವ ಮಗುವಿಗೆ ಕಾಡು ಏಕಕಾಲಕ್ಕೆ ಆಟದ ಬಯಲು, ದುಡಿಮೆಯ ನೆಲ ಮತ್ತು ಅಪಾಯದ ತಾಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಬಾಲ್ಯವನ್ನು ಶಾಲೆಯೊಡನೆ ಬೆಸೆದರೆ, ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು ಶಾಲೆಯ ವೇಳೆಯ ಹೊರಗೆ, ಅಪಾಯಕಾರಿಯಲ್ಲದ ಮನೆತನದ ಉದ್ಯೋಗದಲ್ಲಿ ನೆರವಾಗಲು ಮಕ್ಕಳಿಗೆ ಅವಕಾಶವಿತ್ತಿದೆ. ಕಾನೂನಿನೊಳಗೂ ಬಾಲ್ಯದ ಎರಡು ಕಲ್ಪನೆಗಳು ಒಟ್ಟಿಗಿವೆ.

ಆದುದರಿಂದ ಬಾಲ್ಯದ ಕಲ್ಪನೆ ಒಂದನ್ನಳಿಸಿ ಇನ್ನೊಂದು ಬರುವ ಕ್ರಮದಲ್ಲಿ ಬದಲಾಗಿಲ್ಲ. ಭಕ್ತ, ವಿದ್ಯಾರ್ಥಿ, ಆಟಗಾರ, ದುಡಿಮೆಗಾರ ಎಂಬ ರೂಪಗಳು ಒಂದೇ ಸೀಮೆಯಲ್ಲಿ ಜತೆಜತೆಗೆ ಬಾಳುತ್ತವೆ. ಕನ್ನಡ ಮಕ್ಕಳ ಸಾಹಿತ್ಯದ ಸಂಶೋಧನೆ ಅಚ್ಚಾದ ಪುಸ್ತಕಗಳ ಇತಿಹಾಸಕ್ಕೆ ನಿಲ್ಲದೆ ಶಾಸನ, ಕಾವ್ಯ, ಕಾಯ್ದೆ ಮತ್ತು ಮಕ್ಕಳ ಬಾಯಲ್ಲಿರುವ ಆಟದ ಹಾಡುಗಳನ್ನು ಒಟ್ಟಿಗಿಟ್ಟು ಓದಬೇಕು.