ಬಿರುಕಿಗೆ ಮೊದಲಿನ ವರ್ಷಗಳು: ಆರ್‌ಸಿಸಿ ರಚನೆಗಳ ನಿರ್ವಹಣಾ ಯೋಜನೆ

ಇಟಲಿಯ ಜಿನೋವಾದಲ್ಲಿ 1967ರಲ್ಲಿ ಸಂಚಾರಕ್ಕೆ ತೆರೆದ ಪೋಲ್ಚೆವೆರಾ ಮೇಲ್ಸೇತುವೆಯ ಉಕ್ಕಿನ ತೂಗುಕೇಬಲ್‌ಗಳನ್ನು ವಿನ್ಯಾಸಕಾರ ರಿಕಾರ್ಡೊ ಮೊರಾಂಡಿ ಕಾಂಕ್ರೀಟಿನೊಳಗೆ ಹುದುಗಿಸಿದ್ದರು. ಉಕ್ಕನ್ನು ಕಾಯಬೇಕಿದ್ದ ಆ ಹೊದಿಕೆ ಒಳಗಿನ ತುಕ್ಕನ್ನೂ ಮರೆಮಾಡಿತು. 1990ರ ದಶಕದ ಆರಂಭದಲ್ಲಿ 11ನೇ ಗೋಪುರದ ಕೇಬಲ್‌ಗಳು ಹಾಳಾಗಿರುವುದು ಗೊತ್ತಾಗಿ, ಹೊರಗಿನಿಂದ ಹೊಸ ಕೇಬಲ್ ಅಳವಡಿಸಲಾಯಿತು. ಅದೇ ವಿನ್ಯಾಸದ, ಅದೇ ವಯಸ್ಸಿನ 9ನೇ ಗೋಪುರಕ್ಕೆ ಈ ಆರೈಕೆ ಸಿಗಲಿಲ್ಲ. 2018ರ ಆಗಸ್ಟ್ 14ರಂದು ಅದು ಕುಸಿದು 43 ಜನ ಪ್ರಾಣ ಕಳೆದುಕೊಂಡರು. ಬಲಪಡಿಸುವ ಯೋಜನೆ ಅಷ್ಟರಲ್ಲಿ ಸಿದ್ಧವಾಗಿತ್ತು. ಕೆಲಸ ಮಾತ್ರ ಶುರುವಾಗಿರಲಿಲ್ಲ.

ಒಂದು ಗೋಪುರದಲ್ಲಿ ಕಂಡ ದೋಷ ಉಳಿದವುಗಳ ತಪಾಸಣೆಯನ್ನೂ ದುರಸ್ತಿಯನ್ನೂ ಮುಂದಕ್ಕೆ ತರಬೇಕಿತ್ತು. ನಿರ್ವಹಣಾ ಯೋಜನೆಯ ಜೀವಾಳ ಇದೇ.

ದೋಷ ಹೇಗೆ ಹುಟ್ಟುತ್ತದೆಂದು ತಿಳಿದರೆ ತಪಾಸಣೆ ಯಾವಾಗ ಬೇಕೆಂದೂ ತಿಳಿಯುತ್ತದೆ. ಹೊಸ ಕಾಂಕ್ರೀಟಿನ ಪಿಎಚ್ ಸಾಮಾನ್ಯವಾಗಿ 12.5ಕ್ಕಿಂತ ಹೆಚ್ಚು, ಅಂದರೆ ಅದು ತೀವ್ರ ಕ್ಷಾರೀಯ. ಆ ಕ್ಷಾರದಲ್ಲಿ ಒಳಗಿನ ಉಕ್ಕಿನ ಸರಳಿನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಕ್ಷಾರವನ್ನು ಇಳಿಸುತ್ತದೆ. ಕಡಲಿನ ಉಪ್ಪಿನ ಕ್ಲೋರೈಡ್ ಪೊರೆಯನ್ನೇ ಅಲ್ಲಲ್ಲಿ ಒಡೆಯುತ್ತದೆ. ಕ್ಯೋಸ್ತಿ ಟೂಟ್ಟಿ 1982ರಲ್ಲಿ ಮಂಡಿಸಿದ ಮಾದರಿ ರಚನೆಯ ಆಯುಷ್ಯವನ್ನು ಎರಡು ಹಂತವಾಗಿ ನೋಡುತ್ತದೆ: ಕ್ಲೋರೈಡ್ ಅಥವಾ ಕ್ಷಾರದ ಇಳಿಕೆ ಸರಳನ್ನು ಮುಟ್ಟುವವರೆಗಿನ ದೀರ್ಘ ಅವಧಿ, ಆಮೇಲೆ ತುಕ್ಕು ಬಲಿಯುವ ಅವಧಿ. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಬಿರಿಯುತ್ತದೆ. ಬಿರುಕು ಕಂಡ ಮೇಲೆ ದುರಸ್ತಿಗೆ ಹೊರಟರೆ ಮೊದಲ ಹಂತ, ಅಂದರೆ ಕಡಿಮೆ ಖರ್ಚಿನ ಕಾಲ, ಪೂರ್ತಿ ಕಳೆದಿರುತ್ತದೆ.

ಈ ಮೊದಲ ಹಂತವನ್ನು ಅಳೆಯಲು ಸಾಧ್ಯ. ಕಾಂಕ್ರೀಟನ್ನು ಬೇರೆ ಬೇರೆ ಆಳಕ್ಕೆ ಕೊರೆದು ತೆಗೆದ ಪುಡಿಯಲ್ಲಿ ಕ್ಲೋರೈಡ್ ಪ್ರಮಾಣ ನೋಡಿದರೆ ಉಪ್ಪು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯುತ್ತದೆ. ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್ ಬಳಸಿ ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್‌-ಸೆಲ್ ಪರೀಕ್ಷೆಯಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತಲೂ ಕೆಳಗಿನ ಅಳತೆ ಬಂದರೆ, ತುಕ್ಕು ನಡೆಯುತ್ತಿರುವ ಸಂಭವ ಶೇ 90ಕ್ಕೂ ಹೆಚ್ಚು. ಆದರೆ ತುಕ್ಕಿನ ವೇಗವನ್ನು ಇದು ಹೇಳದು. ನೀರಲ್ಲಿ ಸದಾ ಮುಳುಗಿರುವ ಕಂಬದಲ್ಲಿ, ಆಮ್ಲಜನಕದ ಕೊರತೆಯಿಂದಲೇ ಅಳತೆ ಇಷ್ಟು ಇಳಿಯಬಹುದು.

ಹಾಗಾಗಿ ಇಡೀ ಸೇತುವೆಗೆ ಒಂದೇ ತಪಾಸಣಾ ಅವಧಿ ಸಾಲದು. ಭಾರತದ ಐಎಸ್ 456:2000 ಸಂಹಿತೆ ಕಡಲ ತೀರದ ಪರಿಸರಕ್ಕೆ ತೆರೆದ ಕಾಂಕ್ರೀಟಿಗೆ 45 ಮಿ.ಮೀ., ಉಬ್ಬರವಿಳಿತದ ವಲಯಕ್ಕೆ 75 ಮಿ.ಮೀ. ಕನಿಷ್ಠ ಹೊದಿಕೆಯನ್ನು (ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ) ವಿಧಿಸುತ್ತದೆ. ವಿನ್ಯಾಸದಲ್ಲಿ ಒಪ್ಪಿಕೊಂಡ ಈ ವ್ಯತ್ಯಾಸ ನಿರ್ವಹಣೆಯ ವೇಳಾಪಟ್ಟಿಗೂ ಇಳಿಯಬೇಕು. ಪದೇ ಪದೇ ನೆನೆದು ಒಣಗುವ ಕಂಬಗಳ ಪುಡಿ ಮೊದಲು ಪ್ರಯೋಗಾಲಯಕ್ಕೆ ಹೋಗಲಿ. ಅಲ್ಲಿ ಸಿಕ್ಕ ಕ್ಲೋರೈಡ್ ಆಳದಿಂದಲೇ ಮುಂದಿನ ತಪಾಸಣೆಯ ವರ್ಷ ನಿಗದಿಯಾಗಲಿ.