ಛಾಯಾಚಿತ್ರ ಬಳಗದ ಜಾಲತಾಣ: ಲಾಂಛನ ಮತ್ತು ರೂಪದ ಮರುವಿನ್ಯಾಸ

ಛಾಯಾಗ್ರಾಹಕರು ತಾವು ತೆಗೆದ ಚಿತ್ರಗಳನ್ನು ಪ್ರಕಟಿಸುವ, ಪರಸ್ಪರ ವಿಮರ್ಶಿಸುವ ಹಾಗೂ ಸಂಗ್ರಹಿಸಿಡುವ ಅಂತರ್ಜಾಲ ತಾಣವನ್ನು ಛಾಯಾಚಿತ್ರ ಬಳಗದ ತಾಣ ಎನ್ನಬಹುದು. ಸುದ್ದಿಯ ತಾಣಕ್ಕೂ ವ್ಯಾಪಾರದ ತಾಣಕ್ಕೂ ಇಲ್ಲದ ಒಂದು ಲಕ್ಷಣ ಇದಕ್ಕಿದೆ. ಇಲ್ಲಿನ ಸಾಮಗ್ರಿಯೆಲ್ಲವೂ ಸದಸ್ಯರದು. ತಾಣ ನಡೆಸುವವರದು ಚೌಕಟ್ಟು ಮಾತ್ರ. ಆದುದರಿಂದ ಇಂತಹ ತಾಣದ ಲಾಂಛನವನ್ನೂ ರೂಪವನ್ನೂ ಬದಲಿಸುವುದು ಕೇವಲ ಅಲಂಕಾರದ ಕೆಲಸವಲ್ಲ. ಪರರ ಚಿತ್ರಗಳಿಗೆ ಹೊಸ ಕಟ್ಟು ಹಾಕುವ ಹೊಣೆಗಾರಿಕೆ ಅದರಲ್ಲಿದೆ.

ಅಜ್ಜಂಪುರ, ತರೀಕೆರೆ ಮತ್ತು ಕಡೂರು ಸೀಮೆಗೆ ಈ ವಿಷಯ ದೂರದ್ದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ರಾಸುಗಳು, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ನಿರ್ಮಾಣಗೊಂಡ ಅಮೃತಾಪುರದ ಅಮೃತೇಶ್ವರ ದೇವಾಲಯ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕೆಮ್ಮಣ್ಣುಗುಂಡಿಯ ಗಿರಿಶ್ರೇಣಿ, ಭದ್ರಾ ಅಭಯಾರಣ್ಯ ಇವೆಲ್ಲವೂ ಛಾಯಾಗ್ರಾಹಕರನ್ನು ಸೆಳೆಯುವ ತಾಣಗಳು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಛಾಯಾಗ್ರಹಣದಲ್ಲಿ ಹೆಸರು ಪಡೆದವರು; ಗಣಕಯಂತ್ರದಲ್ಲಿ ಕನ್ನಡದ ಬಳಕೆಗಾಗಿಯೂ ದನಿಯೆತ್ತಿದವರು. ಚಿತ್ರ ಮತ್ತು ಲಿಪಿ ಎಂಬ ಈ ಎರಡು ಕಾಳಜಿಗಳೂ ಕನ್ನಡದ ಛಾಯಾಚಿತ್ರ ತಾಣವೊಂದರ ವಿನ್ಯಾಸದಲ್ಲಿ ಒಂದುಗೂಡುತ್ತವೆ.

ಲಾಂಛನದ ಕೆಲಸ

ಲಾಂಛನವು ಮೊದಲು ಗುರುತು, ಅನಂತರ ಅಲಂಕಾರ. ಅದು ಮುಖಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ ಕಾಣಿಸಿಕೊಂಡರೂ ಬ್ರೌಸರಿನ ಪಟ್ಟಿಯಲ್ಲಿ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಜಾಗದಲ್ಲಿ ಅಡಗಬೇಕಾಗುತ್ತದೆ. ಕ್ಯಾಮೆರಾ, ಮಸೂರ, ಫಿಲ್ಮ್ ಸುರುಳಿ, ಹಾರುವ ಹಕ್ಕಿ ಎಲ್ಲವನ್ನೂ ಒಂದರಲ್ಲೇ ತುರುಕಿದ ಲಾಂಛನ ಆ ಅಳತೆಯಲ್ಲಿ ಮಸಿಯ ಚುಕ್ಕೆಯಾಗುತ್ತದೆ. ಒಂದೇ ಬಣ್ಣದಲ್ಲಿ ಮುದ್ರಿಸಿದಾಗಲೂ ಗುರುತು ಸಿಗಬೇಕೆಂಬುದು ಇನ್ನೊಂದು ಪರೀಕ್ಷೆ. ಪ್ರಮಾಣಪತ್ರ, ರಬ್ಬರ್ ಮೊಹರು, ಪ್ರದರ್ಶನದ ಬ್ಯಾನರ್ ಎಲ್ಲದಕ್ಕೂ ಅದೇ ಲಾಂಛನ ಬಳಕೆಯಾಗುವುದರಿಂದ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ರೇಖಾಚಿತ್ರದ ರೂಪದಲ್ಲಿ ಮೂಲಪ್ರತಿಯನ್ನು ಸಿದ್ಧಪಡಿಸುವುದು ವಾಡಿಕೆ.

ಮೂರು ನಿದರ್ಶನಗಳು

ಜಗತ್ತಿನ ಮೂರು ದೊಡ್ಡ ತಾಣಗಳ ಚರಿತ್ರೆ ಈ ವಿಷಯದಲ್ಲಿ ಪಾಠ ಹೇಳುತ್ತದೆ.

ಮೊದಲನೆಯದು 2010ರ ಅಕ್ಟೋಬರಿನಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ. ಅದರ ಹಳೆಯ ಲಾಂಛನ ಕಂದು ಬಣ್ಣದ ಕ್ಯಾಮೆರಾ ಹಾಗೂ ಕಾಮನಬಿಲ್ಲಿನ ಪಟ್ಟಿ. 2016ರ ಮೇ 11ರಂದು ಅದನ್ನು ಕೈಬಿಟ್ಟು, ನೇರಳೆಯಿಂದ ಹಳದಿಗೆ ಸಾಗುವ ಹಿನ್ನೆಲೆಯಲ್ಲಿ ಬಿಳಿ ಗೆರೆಗಳ ಕ್ಯಾಮೆರಾ ಆಕೃತಿಯನ್ನು ತರಲಾಯಿತು. ಆರಂಭದಲ್ಲಿ ಬಹಳಷ್ಟು ಜನ ಅದನ್ನು ಗೇಲಿ ಮಾಡಿದರು. ಆದರೆ ಅದೇ ದಿನ ನಡೆದ ಇನ್ನೊಂದು ಬದಲಾವಣೆ ಹೆಚ್ಚು ಮಹತ್ವದ್ದು. ಒಳಪುಟಗಳಲ್ಲಿದ್ದ ನೀಲಿ ಪಟ್ಟಿ ಮಾಯವಾಗಿ ಚೌಕಟ್ಟೆಲ್ಲ ಕಪ್ಪು-ಬಿಳುಪಾಯಿತು. ಬಣ್ಣ ಲಾಂಛನಕ್ಕೆ ಸೀಮಿತವಾಗಿ, ಒಳಗಿನ ಬಣ್ಣವೆಲ್ಲ ಸದಸ್ಯರ ಚಿತ್ರಗಳಿಗೆ ಉಳಿಯಿತು.

ಎರಡನೆಯದು 2004ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿ, 2005ರಲ್ಲಿ ಯಾಹೂ ವಶಕ್ಕೆ ಬಂದ ಫ್ಲಿಕರ್. 2013ರ ಮೇ 20ರಂದು ಅದರ ರೂಪ ಸಂಪೂರ್ಣವಾಗಿ ಬದಲಾಯಿತು. ನೀಲಿ ಹಾಗೂ ಗುಲಾಬಿ ಬಣ್ಣದ ಗುರುತು ಉಳಿದರೂ, ಬಿಳಿ ಜಾಗದ ನಡುವೆ ಬಿಡಿಬಿಡಿಯಾಗಿದ್ದ ಚಿತ್ರಗಳು ಪರದೆಯ ತುಂಬ ಒತ್ತೊತ್ತಾಗಿ ಜೋಡಣೆಗೊಂಡವು. ಉಚಿತ ಸದಸ್ಯರಿಗೂ 1 ಟೆರಾಬೈಟ್ ಸ್ಥಳ ದೊರೆಯಿತು. ಹೀಗಿದ್ದೂ ಹಳೆಯ ಸದಸ್ಯರಿಂದ ಭಾರಿ ಪ್ರತಿಭಟನೆ ವ್ಯಕ್ತವಾಯಿತು. 2018ರಲ್ಲಿ ಸ್ಮಗ್‌ಮಗ್ ಸಂಸ್ಥೆ ತಾಣವನ್ನು ಕೊಂಡು, ಉಚಿತ ಖಾತೆಗೆ 1000 ಚಿತ್ರಗಳ ಮಿತಿಯನ್ನು ಪ್ರಕಟಿಸಿತು. ಮಿತಿ ಮೀರಿದ ಚಿತ್ರಗಳನ್ನು ಅಳಿಸಲಾಗುವುದೆಂಬ ಘೋಷಣೆಯಿಂದ ಸದಸ್ಯರು ತಮ್ಮ ವರ್ಷಗಳ ಸಂಗ್ರಹವನ್ನು ಇಳಿಸಿಕೊಳ್ಳಲು ಧಾವಿಸಬೇಕಾಯಿತು. ಮುಕ್ತ ಪರವಾನಗಿಯ ಚಿತ್ರಗಳಿಗೆ ಮಾತ್ರ ವಿನಾಯಿತಿ ದೊರೆಯಿತು.

ಮೂರನೆಯದು 2004ರ ಸೆಪ್ಟೆಂಬರ್ 7ರಂದು ಪ್ರಾರಂಭವಾದ ವಿಕಿಮೀಡಿಯ ಕಾಮನ್ಸ್. 10 ಕೋಟಿಗೂ ಅಧಿಕ ಕಡತಗಳುಳ್ಳ ಈ ಮುಕ್ತ ಭಂಡಾರದ ಲಾಂಛನ, ಕೆಂಪು ವೃತ್ತದ ಕಡೆಗೆ ಮುಖಮಾಡಿದ ನೀಲಿ ಬಾಣಗಳ ಆಕೃತಿ. ಪುಟಗಳ ವಿನ್ಯಾಸ ಬದಲಾಗಿದ್ದರೂ ಈ ಲಾಂಛನ ಮೂಲರೂಪದಲ್ಲೇ ಮುಂದುವರಿದಿದೆ. ಹಲವು ಕಡೆಗಳಿಂದ ಬಂದು ಒಂದೆಡೆ ಸೇರುವುದೆಂಬ ಅರ್ಥ ಸರಳವಾಗಿ ಹೊಮ್ಮುವುದರಿಂದ ಅದಕ್ಕೆ ಭಾಷೆಯ ಹಂಗಿಲ್ಲ.

ಲಿಪಿಯ ಪ್ರಶ್ನೆ

ಲಾಂಛನದಲ್ಲಿ ಅಕ್ಷರಗಳಿದ್ದರೆ ಆ ಲಿಪಿಯನ್ನು ಬಲ್ಲವರೇ ಅದನ್ನು ಪರಿಶೀಲಿಸಬೇಕು. ವಿಕಿಪೀಡಿಯದ ಗೋಳದ ಲಾಂಛನ ಇದಕ್ಕೆ ಸಾಕ್ಷಿ. 2003ರಲ್ಲಿ ಸ್ವೀಕೃತವಾದ ಆ ಲಾಂಛನದಲ್ಲಿ ದೇವನಾಗರಿ ಮತ್ತು ಜಪಾನಿ ಅಕ್ಷರಗಳು ತಪ್ಪಾಗಿದ್ದವು. ಅವು ಸರಿಹೋದದ್ದು 2010ರ ಮರುವಿನ್ಯಾಸದಲ್ಲಿ. ಈಗಿನ ಗೋಳದ ಮೇಲೆ ಕನ್ನಡದ ‘ವಿ’ ಅಕ್ಷರವೂ ಇದೆ.

ಕನ್ನಡಕ್ಕೆ ಪ್ರತ್ಯೇಕ ಎಚ್ಚರ ಬೇಕು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕೂ, ಗುಣಿತದ ಚಿಹ್ನೆಗಳು ಮೇಲಕ್ಕೂ ಪಕ್ಕಕ್ಕೂ ಚಾಚುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಅಳೆದ ಪಟ್ಟಿಯಲ್ಲಿ ‘ಅಜ್ಜಂಪುರ’ ಎಂದು ಬರೆದರೆ ಜಕಾರದ ಒತ್ತು ಕತ್ತರಿಸಿಹೋಗುವ ಸಂಭವವಿದೆ. ಸಾಲುಗಳ ನಡುವಿನ ಅಂತರವನ್ನು ಹಿಗ್ಗಿಸುವುದು ಇದಕ್ಕೆ ಪರಿಹಾರ. ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡವನ್ನು ಸಣ್ಣದಾಗಿ ಅಂಟಿಸುವ ಬದಲು ಮೊದಲಿನಿಂದಲೇ ಕನ್ನಡದ ದುಂಡು ರೇಖೆಗಳನ್ನು ಆಧರಿಸಿ ಲಾಂಛನ ರಚಿಸಿದರೆ ಎರಡಕ್ಕೂ ಹೊಂದಿಕೆಯಾಗುತ್ತದೆ. ಪುಟದ ಬರಹ ಯೂನಿಕೋಡ್ ಶಿಷ್ಟತೆಯಲ್ಲೇ ಇರಬೇಕು. ಹಳೆಯ ಫಾಂಟುಗಳ ಸಂಕೇತದಲ್ಲಿ ಉಳಿದ ಶೀರ್ಷಿಕೆಗಳು ಹುಡುಕಾಟಕ್ಕೆ ಸಿಗುವುದಿಲ್ಲ.

ಪುಟದ ರೂಪ

ಹಿನ್ನೆಲೆಯ ಬಣ್ಣ ಚಿತ್ರದ ಬಣ್ಣವನ್ನು ಕಣ್ಣಿಗೆ ಬೇರೆಯಾಗಿ ತೋರಿಸುತ್ತದೆ. ಗಾಢ ಕೆಂಪಿನ ನಡುವೆ ಇಟ್ಟ ಬೂದು ಹಸಿರು ಛಾಯೆ ತಳೆದಂತೆ ಕಾಣುವುದು ಬಣ್ಣದ ಶಾಸ್ತ್ರದಲ್ಲಿ ಪ್ರಸಿದ್ಧ ಸಂಗತಿ. ಹೀಗಾಗಿ ಬಿಳಿ, ಕಪ್ಪು ಅಥವಾ ಬಣ್ಣವಿಲ್ಲದ ಬೂದು ಹಿನ್ನೆಲೆಯೇ ಛಾಯಾಚಿತ್ರ ತಾಣಗಳಿಗೆ ಯೋಗ್ಯ. ಅಕ್ಷರ ಹಾಗೂ ಹಿನ್ನೆಲೆಗಳ ನಡುವಿನ ಕಾಂತಿಯ ವ್ಯತ್ಯಾಸ ಕನಿಷ್ಠ 4.5:1 ಅನುಪಾತದಲ್ಲಿರಬೇಕೆಂಬುದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ದೃಷ್ಟಿ ಮಂದವಾದವರಿಗೂ ಬಿಸಿಲಿನಲ್ಲಿ ಮೊಬೈಲು ನೋಡುವವರಿಗೂ ಇದು ಅನುಕೂಲ.

ಕಿರುಚಿತ್ರಗಳ ಅಳತೆ ಇನ್ನೂ ಸೂಕ್ಷ್ಮವಾದದ್ದು. ಕಾವಲಿನಲ್ಲಿ ಮೇಯುವ ಅಮೃತಮಹಲ್ ಹಿಂಡಿನ ಚಿತ್ರ ಅಡ್ಡಲಾಗಿ ಹರಡಿರುತ್ತದೆ. ಅಮೃತೇಶ್ವರನ ಶಿಖರದ ಚಿತ್ರ ಉದ್ದಕ್ಕೆ ನಿಂತಿರುತ್ತದೆ. ಎರಡನ್ನೂ ಚೌಕಕ್ಕೆ ಕತ್ತರಿಸಿದರೆ ಮೊದಲನೆಯದರಲ್ಲಿ ಹಿಂಡು ಹೋಗಿ ಒಂದು ಹಸು ಉಳಿಯುತ್ತದೆ, ಎರಡನೆಯದರಲ್ಲಿ ಕಳಶವೇ ಇಲ್ಲವಾಗುತ್ತದೆ. 2015ರ ಆಗಸ್ಟ್‌ವರೆಗೆ ಚೌಕದ ಚಿತ್ರಗಳನ್ನಷ್ಟೇ ಸ್ವೀಕರಿಸುತ್ತಿದ್ದ ಇನ್‌ಸ್ಟಾಗ್ರಾಂ, 2025ರ ಜನವರಿಯಲ್ಲಿ ಸದಸ್ಯರ ಪುಟದ ಚೌಕಗಳನ್ನು ಉದ್ದನೆಯ ಆಯತಗಳನ್ನಾಗಿಸಿತು. ಚೌಕಕ್ಕೆಂದೇ ಅಳೆದು ಜೋಡಿಸಿಕೊಂಡಿದ್ದವರ ಪುಟಗಳು ಅಸ್ತವ್ಯಸ್ತಗೊಂಡವು. ಚೌಕಟ್ಟು ಎಲ್ಲಿ ಮುಗಿಯಬೇಕೆಂಬುದು ಛಾಯಾಗ್ರಾಹಕನ ನಿರ್ಧಾರ. ವಿನ್ಯಾಸಕಾರ ಅದನ್ನು ತಿದ್ದುವಂತಿಲ್ಲ.

ಬದಲಾಗಬಾರದವು

ಲಾಂಛನ, ಬಣ್ಣ, ಅಕ್ಷರವಿನ್ಯಾಸ ಬದಲಾಗಬಹುದು. ಬದಲಾಗಬಾರದವು ನಾಲ್ಕು. ಒಂದು, ಪ್ರತಿ ಚಿತ್ರದ ಅಂತರ್ಜಾಲ ವಿಳಾಸ. ಬದಲಾವಣೆ ಅನಿವಾರ್ಯವಾದರೆ ಹಳೆಯ ವಿಳಾಸ ಒತ್ತಿದವರು ತಾನಾಗಿ ಹೊಸದಕ್ಕೆ ತಲುಪುವ ಏರ್ಪಾಡಿರಬೇಕು. ಎರಡು, ಚಿತ್ರದ ಜೊತೆಗೆ ಕಾಣುವ ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿ. ಮೂರು, ಕಡತದೊಳಗೆ ಕ್ಯಾಮೆರಾ ದಾಖಲಿಸಿದ ದಿನಾಂಕ ಹಾಗೂ ಇತರ ವಿವರಗಳು. ನಾಲ್ಕು, ಸದಸ್ಯರು ಪರಸ್ಪರರ ಚಿತ್ರಗಳಿಗೆ ಬರೆದ ಟಿಪ್ಪಣಿಗಳು.

ಹೊಸ ರೂಪವನ್ನು ಕೆಲವು ಸದಸ್ಯರಿಗೆ ಮುಂಚಿತವಾಗಿ ತೋರಿಸುವುದು, ಕೆಲಕಾಲ ಹಳೆಯ ರೂಪವನ್ನೂ ಆಯ್ಕೆಗೆ ಉಳಿಸುವುದು, ಸಂಪೂರ್ಣ ಸಂಗ್ರಹವನ್ನು ಇಳಿಸಿಕೊಳ್ಳುವ ಸೌಲಭ್ಯ ಒದಗಿಸುವುದು ಉತ್ತಮ ಕ್ರಮ. ಸದಸ್ಯರ ಕಡೆಯಿಂದಲೂ ಒಂದು ಎಚ್ಚರ ಅಗತ್ಯ: ಯಾವ ತಾಣದ ರೂಪ ಎಷ್ಟೇ ಮೆಚ್ಚುಗೆಯಾದರೂ ಚಿತ್ರಗಳ ಮೂಲಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿಯೂ ಇರಬೇಕು.