ಉತ್ತೇಜಕ ಪದಾರ್ಥಗಳ ಪುನರಾವರ್ತಿತ ಸೇವನೆ ಮತ್ತು ಕೋತಿಗಳ ವರ್ತನೆ: ಸಾರ್ವಜನಿಕರಿಗೆ ಮಾಹಿತಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೋತಿಗಳ ಉಪಟಳದ ಬಗ್ಗೆ ಅರ್ಜಿ ಸಲ್ಲಿಸುವ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಈ ಭಾಗದಲ್ಲಿ ಸಾಮಾನ್ಯವಾಗಿ ಕಂಡುಬರುವ ಕೋತಿಯು ಬಾನೆಟ್ ಮಕಾಕ್ ಪ್ರಭೇದಕ್ಕೆ ಸೇರಿದ್ದು, ಭಾರತದ ಹೊರಗೆ ಎಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಕಪ್ಪು ಮುಖದ ಮುಸುವ ಬೇರೆಯೇ ಪ್ರಾಣಿ. ಅರ್ಜಿಯಲ್ಲಿ ಇವೆರಡನ್ನೂ ಒಂದೇ ಎಂದು ನಮೂದಿಸಬಾರದು.

ಪ್ರಯೋಗಗಳಿಂದ ತಿಳಿದುಬಂದ ಅಂಶಗಳು

ಆಂಫೆಟಮಿನ್, ಕೊಕೇನ್ ಮುಂತಾದ ಉತ್ತೇಜಕಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾಸ್ಟ್ನರ್ ಮತ್ತು ಗೋಲ್ಡ್‌ಮನ್-ರಾಕಿಕ್ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ಕೋತಿಯ ಕುಲಕ್ಕೇ ಸೇರಿದ ರೀಸಸ್ ಕೋತಿಗಳಿಗೆ 12 ವಾರಗಳ ಕಾಲ ಅಲ್ಪ ಪ್ರಮಾಣದ ಆಂಫೆಟಮಿನ್ ಅನ್ನು ಕ್ರಮೇಣ ಹೆಚ್ಚಿಸುತ್ತಾ ನೀಡಲಾಯಿತು. ಔಷಧವನ್ನು ನಿಲ್ಲಿಸಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೂ, ಒಂದು ಸಣ್ಣ ಪ್ರಮಾಣ ನೀಡಿದಾಗ ಆ ಕೋತಿಗಳು ಭ್ರಮೆಗೆ ಒಳಗಾದಂತೆ ವರ್ತಿಸಿದವು. ಔಷಧ ದೇಹದಿಂದ ಹೊರಹೋದ ಮಾತ್ರಕ್ಕೆ ಪರಿಣಾಮ ಮುಗಿಯಿತೆಂದು ಭಾವಿಸುವಂತಿಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ. 2002ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಗುಂಪಿನ ಅಧೀನ ಕೋತಿಗಳು ಮೇಲ್ಸ್ತರದ ಕೋತಿಗಳಿಗಿಂತ ಹೆಚ್ಚಾಗಿ ಕೊಕೇನ್‌ಗೆ ಒಲಿದವು. ಅಂದರೆ ಗುಂಪಿನಲ್ಲಿನ ಸ್ಥಾನಮಾನವೂ ಪರಿಣಾಮವನ್ನು ಬದಲಿಸಬಲ್ಲದು.

ಸದರಿ ಫಲಿತಾಂಶಗಳು ನಿಯಂತ್ರಿತ ಪ್ರಯೋಗಗಳಿಗೆ ಸಂಬಂಧಿಸಿದವು. ಚಹಾ ಕುಡಿದ ಕೋತಿಗೂ ಹೀಗೆಯೇ ಆಗುತ್ತದೆ ಎಂದು ಇವುಗಳಿಂದ ಹೇಳಲಾಗದು. ಆದರೆ ಚಹಾದಲ್ಲಿನ ಕೆಫೀನ್, ಗುಟ್ಕಾದಲ್ಲಿನ ನಿಕೋಟಿನ್ ಸಹ ಉತ್ತೇಜಕಗಳೇ ಆಗಿವೆ. ಕೆಲವೇ ಕಿಲೋಗ್ರಾಂ ತೂಗುವ ಪ್ರಾಣಿಗೆ ಮನುಷ್ಯನ ಪ್ರಮಾಣ ಅತಿಯಾಗುತ್ತದೆ. ಅಲ್ಲದೆ ಕೈಯಿಂದ ಆಹಾರ ಪಡೆದು ರೂಢಿಯಾದ ಕೋತಿ, ಕೊಡದಿದ್ದಾಗ ಕಸಿಯುತ್ತದೆ. ಉಪಟಳವೆಂದು ಬರುವ ದೂರುಗಳ ಮೂಲವನ್ನು ಅನೇಕ ವೇಳೆ ಇಲ್ಲಿಯೇ ಹುಡುಕಬೇಕಾಗುತ್ತದೆ.

ಕಾನೂನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರನ್ವಯ ಯಾವುದೇ ಪ್ರಾಣಿಗೆ ಬೇಕೆಂದೇ ಹಾನಿಕರ ಔಷಧ ಅಥವಾ ಪದಾರ್ಥ ನೀಡುವುದು ಅಪರಾಧ. ತಮಾಷೆಗಾಗಿ ಮದ್ಯ, ಗುಟ್ಕಾ ಅಥವಾ ಮಾತ್ರೆ ತಿನ್ನಿಸುವವರು ಇದನ್ನು ಗಮನಿಸತಕ್ಕದ್ದು. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಲ್ಲಿ 'ಬೇಟೆ' ಎಂಬುದರಲ್ಲಿ ಹಿಡಿಯುವುದೂ ಸೇರಿದೆ. ಆದ್ದರಿಂದ ಗ್ರಾಮಸ್ಥರೇ ಹಣ ಕೂಡಿಸಿ ಕೋತಿ ಹಿಡಿಯುವವರನ್ನು ಕರೆಸುವಂತಿಲ್ಲ. ಹೀಗೆ ಹಿಡಿದು ಪಕ್ಕದ ತಾಲ್ಲೂಕಿನಲ್ಲಿ ಬಿಟ್ಟರೆ ತೊಂದರೆಯೂ ಅಲ್ಲಿಗೇ ವರ್ಗವಾಗುತ್ತದೆ, ಅಷ್ಟೆ.

ಅರ್ಜಿದಾರರಿಗೆ ಸೂಚನೆ

ಅರ್ಜಿಯನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರಿಗೆ ಲಿಖಿತವಾಗಿ ಸಲ್ಲಿಸುವುದು. ಸ್ಥಳ, ಕೋತಿಗಳ ಅಂದಾಜು ಸಂಖ್ಯೆ, ಬರುವ ವೇಳೆ, ಆದ ಹಾನಿ ಹಾಗೂ ಸಮೀಪದಲ್ಲಿ ಆಹಾರ ನೀಡುವ ಅಥವಾ ತ್ಯಾಜ್ಯ ಸುರಿಯುವ ಜಾಗಗಳನ್ನು ತಿಳಿಸುವುದು. ಸಿದ್ಧರಬೆಟ್ಟದಂತಹ ಯಾತ್ರಾಸ್ಥಳ ಅಥವಾ ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ದೂರುಗಳಲ್ಲಿ ಈ ಕೊನೆಯ ವಿವರ ಅತ್ಯವಶ್ಯ. ಗುರಿಯಿಲ್ಲದೆ ಸುತ್ತುವ, ಒಂದೇ ಚಲನೆಯನ್ನು ಪುನರಾವರ್ತಿಸುವ ಅಥವಾ ಗುಂಪಿನಿಂದ ಬೇರ್ಪಟ್ಟ ಕೋತಿ ಕಂಡುಬಂದಲ್ಲಿ ಹತ್ತಿರ ಹೋಗದೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು. ಅದಕ್ಕೆ ರೋಗವೂ ಕಾರಣವಾಗಿರಬಹುದು.

ಕೋತಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗಾಗಿ ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಬೇಕೆಂದು ಕೋರಲಾಗಿದೆ.